ಸಾಕಿದ ಹಾವಿನ ಅಸ್ವಾಸ್ಥ್ಯ

ಬೇನೆಯಾದ ನಾಯಿ ನರಳುತ್ತದೆ. ಹಸುವಾದರೆ ಮೇವನ್ನು ಬಿಟ್ಟು, ಕಿವಿ ಜೋಲಿಸಿ ನಿಲ್ಲುತ್ತದೆ. ಹಾವಿಗೆ ನರಳುವ ದನಿಯಿಲ್ಲ, ಮುಚ್ಚಲು ರೆಪ್ಪೆಯಿಲ್ಲ, ನೋವನ್ನು ತೋರುವ ಮುಖವಿಲ್ಲ. ಆದಕಾರಣ ಅದರ ರೋಗವು ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಅನೇಕ ವೇಳೆ ಬಲಿತೇ ಇರುತ್ತದೆ. ಈ ಮೂಕಜೀವಿಯ ಅಸ್ವಾಸ್ಥ್ಯವನ್ನು ಅರಿಯುವ ಬಗೆ ಹೇಗೆಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ಮೊದಲು ಯಾವ ಹಾವು ಎಂಬ ಪ್ರಶ್ನೆ. ಕೊಡಗಿನ ಕಾಫಿತೋಟಗಳಲ್ಲಿಯೂ ಗದ್ದೆಗಳಲ್ಲಿಯೂ ಸುಳಿಯುವ ಕೇರೆ, ನಾಗರ, ಹೆಬ್ಬಾವು, ಕಾಳಿಂಗಗಳು ಸಾಕುವ ಪ್ರಾಣಿಗಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವನ್ನು ಹಿಡಿದಿಡುವುದನ್ನು ನಿಷೇಧಿಸಿದೆ. ನಗರಗಳಲ್ಲಿ ಕೆಲವರು ಸಾಕುವುದು ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಮುಂತಾದ ಹೊರನಾಡಿನ ಹಾವುಗಳನ್ನು. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಮೇರೆಗೆ ಬಾಲ್ ಪೈಥಾನನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು.

ಇಂತಹ ಹಾವಿನ ರೋಗಗಳಿಗೆ ಬಹುಮಟ್ಟಿಗೆ ಮೂಲವು ಅದರ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಹಾವು ತನ್ನ ಮೈಯಲ್ಲಿ ಬಿಸುಪನ್ನು ಸಾಕಷ್ಟು ಹುಟ್ಟಿಸಿಕೊಳ್ಳಲಾರದು. ಹೊರಗಿನ ಉಷ್ಣತೆಯೇ ಅದರ ಜೀರ್ಣಶಕ್ತಿ, ಅದೇ ಅದರ ರೋಗನಿರೋಧ. ಬಾಲ್ ಪೈಥಾನಿಗೆ ಪೆಟ್ಟಿಗೆಯ ಒಂದು ಕೊನೆಯಲ್ಲಿ ಸುಮಾರು 32 ಡಿಗ್ರಿ, ಇನ್ನೊಂದರಲ್ಲಿ ಸುಮಾರು 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಕ್ಕಡದ ಜಡಿಮಳೆಯಲ್ಲಿ ಮಡಿಕೇರಿಯ ಹಗಲೇ 20 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುವುದುಂಟು. ನಮಗೆ ಕಂಬಳಿಯುಂಟು, ಒಲೆಯುಂಟು. ಗಾಜಿನ ಪೆಟ್ಟಿಗೆಯೊಳಗಿನ ಹಾವಿಗೋ ನಾವು ಒದಗಿಸಿದಷ್ಟೇ. ಬಿಸುಪು ಸಾಲದಾದರೆ ನುಂಗಿದ ಇಲಿ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ. ಬಿಸುಪು ಹೆಚ್ಚಾದರೂ ಕೇಡೇ: ಕಾದ ದೀಪಕ್ಕೆ ಒರಗಿದ ಹಾವು ಹಿಂದೆ ಸರಿಯದೆ ಮೈ ಸುಟ್ಟುಕೊಳ್ಳುವುದುಂಟು. ಆದಕಾರಣ ಉಷ್ಣಮಾಪಕವೂ, ಶಾಖವನ್ನು ಅಂಕೆಯಲ್ಲಿಡುವ ಉಪಕರಣವೂ ಅವಶ್ಯ.

ಇನ್ನು ಲಕ್ಷಣಗಳು. ಆಹಾರವನ್ನು ಬಿಟ್ಟ ಮಾತ್ರಕ್ಕೆ ರೋಗವೆನ್ನಲಾಗದು. ಪೊರೆ ಕಳಚುವ ಮುನ್ನ ಕಣ್ಣು ಹಾಲುಬಣ್ಣಕ್ಕೆ ತಿರುಗಿ, ಮೈ ಮಂಕಾಗಿ, ಹಾವು ಕೆಲವು ದಿವಸ ಉಪವಾಸವಿರುವುದು ಸಹಜ. ಆರೋಗ್ಯವಂತ ಹಾವಿನ ಪೊರೆ ಕಾಲುಚೀಲವನ್ನು ಮಗುಚಿ ತೆಗೆದಂತೆ ಇಡಿಯಾಗಿ ಕಳಚುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳವೂ ಅದರೊಡನೆ ಬರುತ್ತದೆ. ತುಂಡುತುಂಡಾಗಿ ಬಂದರೆ ಗಾಳಿಯಲ್ಲಿ ತೇವ ಸಾಲದೆಂದು ತಿಳಿಯಬೇಕು. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಮಾತ್ರ ಉಗುರಿನಿಂದ ಕೀಳಬಾರದು, ಕಣ್ಣೇ ಹೋದೀತು.

ಬಾಯಿ ತೆರೆದು, ತಲೆಯನ್ನು ಮೇಲೆತ್ತಿ ಉಸಿರಾಡುವುದು, ಮೂಗಿನಲ್ಲಿ ನೊರೆಗುಳ್ಳೆ ಕಾಣುವುದು, ಇವು ಶ್ವಾಸಕೋಶದ ಸೋಂಕಿನ ಗುರುತುಗಳು. ಹಾವಿಗೆ ನಮ್ಮಂತೆ ವಪೆಯಿಲ್ಲ. ಕೆಮ್ಮಿ ಕಫವನ್ನು ಹೊರಹಾಕಲಾರದು. ಒಸಡು ಕೆಂಪಾಗಿ, ಗಿಣ್ಣಿನಂತಹ ಕೀವು ಕಂಡರೆ ಅದು ಬಾಯಿಹುಣ್ಣು. ನೀರಿನ ಬಟ್ಟಲಿನಲ್ಲಿಯೇ ಹಗಲಿರುಳು ಮುಳುಗಿ ಕುಳಿತಿದ್ದರೆ, ನೀರಿನಲ್ಲಿ ಕರಿಯ ಚುಕ್ಕೆಗಳು ತೇಲುತ್ತವೆಯೋ ನೋಡಬೇಕು. ಅವು ರಕ್ತ ಹೀರುವ ನುಸಿಗಳಾಗಿರಬಹುದು. ಮಗುಚಿ ಹಾಕಿದರೆ ತಿರುಗಲಾರದೆ, ತಲೆಯನ್ನು ಆಕಾಶಕ್ಕೆ ತಿರುಚಿಕೊಂಡಿದ್ದರೆ ನರಮಂಡಲಕ್ಕೆ ಪೆಟ್ಟಾಗಿದೆ.

ಇಂತಹ ಚಿಹ್ನೆ ಕಂಡೊಡನೆ ಮಾಡತಕ್ಕುದೇನು? ಬೇರೆ ಹಾವುಗಳಿದ್ದರೆ ಪ್ರತ್ಯೇಕಿಸಿ, ಹಿತವಾದ ಬಿಸುಪಿನಲ್ಲಿ, ಮುಟ್ಟದೆ ಇರಿಸುವುದು, ಶುದ್ಧವಾದ ನೀರಿಡುವುದು, ಬಲವಂತವಾಗಿ ತಿನ್ನಿಸದಿರುವುದು, ಸರೀಸೃಪಗಳ ಚಿಕಿತ್ಸೆಯನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯುವುದು. ತೂಕ, ಆಹಾರ, ಪೊರೆ, ಮಲ, ಇವುಗಳ ದಿನಾಂಕಗಳನ್ನು ಬರೆದಿಟ್ಟಿದ್ದರೆ ವೈದ್ಯರಿಗೆ ಅದೇ ರೋಗಿಯ ಮಾತು. ಮನುಷ್ಯರ ಔಷಧವನ್ನು ಅಳತೆ ಊಹಿಸಿ ಕೊಡುವುದು ಅಪಾಯ. ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯಬೇಕು, ಏಕೆಂದರೆ ಆರೋಗ್ಯವಾಗಿ ಕಾಣುವ ಹಾವಿನಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು.

ಹಾಲಿನ ವಿಷಯವನ್ನೂ ಹೇಳಬೇಕು. ಹಾವಿಗೆ ಹಾಲು ಆಹಾರವೂ ಅಲ್ಲ, ಔಷಧವೂ ಅಲ್ಲ. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನಾಗರಪಂಚಮಿಯಂದು ಹಾವಾಡಿಗನ ಬುಟ್ಟಿಯ ನಾಗರವು ಹಾಲನ್ನು ಕುಡಿದುದನ್ನು ಕಂಡವರುಂಟು. ಅದು ದಿನಗಟ್ಟಲೆ ನೀರು ಕಾಣದೆ ಬಾಯಾರಿದ್ದ ಪ್ರಾಣಿ. ಹಲ್ಲು ಕಿತ್ತ ಬಾಯಿ ಹುಣ್ಣಾಗಿ, ಹಾಲು ಶ್ವಾಸಕೋಶಕ್ಕೆ ಇಳಿದು ಸಾಯುವ ಹಾವುಗಳಿಗೆ ನಮ್ಮ ಭಕ್ತಿಯೇ ರೋಗವಾಗಿದೆ. ನೀರಿನ ಬಟ್ಟಲೊಂದು ಸಾಕು.

ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಸಿಕ್ಕಿ ಗಾಯಗೊಂಡ ಕಾಡುಹಾವು ಕಂಡರೆ? ವಿಷದ್ದೋ ಅಲ್ಲವೋ ಎಂದು ಪರೀಕ್ಷಿಸಲು ಹೋಗದೆ ದೂರ ನಿಂತು, ಕೆಲಸದವರನ್ನೂ ದೂರವಿರಿಸಿ, ಅರಣ್ಯ ಇಲಾಖೆಗೆ ತಿಳಿಸುವುದೇ ಅದಕ್ಕೆ ನಾವು ಮಾಡಬಹುದಾದ ಉಪಕಾರ.

ಕಾಡಿನ ಹಾವು ಚಳಿಯಾದರೆ ಬಿಸಿಲಿಗೆ ಬರುತ್ತದೆ, ಬಿಸಿಲೇರಿದರೆ ಬಿಲಕ್ಕೆ ಇಳಿಯುತ್ತದೆ, ಬಾಯಾರಿದರೆ ತೋಡಿಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಹಾವಿಗೆ ಈ ಮೂರನ್ನೂ ನಾವೇ ಮಾಡಿಕೊಡಬೇಕು. ಇಷ್ಟು ಹೊಣೆಯನ್ನು ಹತ್ತಿಪ್ಪತ್ತು ವರ್ಷಗಳ ಕಾಲ ಹೊರಲಾರೆವೆಂದು ತೋರಿದರೆ ತರದಿರುವುದೇ ಲೇಸು. ತಂದವರು ಮಾತ್ರ, ಮಳೆಗಾಲ ಹಿಡಿಯುವ ಮೊದಲೇ ಉಷ್ಣಮಾಪಕವನ್ನು ಒಮ್ಮೆ ನೋಡಿಕೊಳ್ಳಲಿ.