ಅರಸರು ಹೋದರು, ಬಳಪದ ಕಲ್ಲು ಹೋಗಲಿಲ್ಲ

ಸ್ಲೇಟಿನ ಮೇಲೆ ಬರೆಯುವ ಬಳಪ ಮನೆಯಲ್ಲಿ ಎಲ್ಲಾದರೂ ಸಿಕ್ಕರೆ ಉಗುರಿನಿಂದ ಅದನ್ನು ಗೀರಿ ನೋಡಿ. ಗೆರೆ ಬೀಳುತ್ತದೆ, ಬೆರಳಿಗೆ ನುಣ್ಣನೆಯ ಪುಡಿ ಹತ್ತುತ್ತದೆ. ಅದೇ ಉಗುರಿನಿಂದ ಹಿತ್ತಲಲ್ಲಿ ಬಿದ್ದಿರುವ ಹಳೇ ಒರಳುಕಲ್ಲನ್ನು ಗೀರಿ. ಕಲ್ಲಿಗೆ ಏನೂ ಆಗುವುದಿಲ್ಲ, ಉಗುರಿಗೇ ನೋವು. ಕಬ್ಬಿಣದ ಮೊಳೆ ತಂದು ಎಳೆದರೂ ಒರಳಿನ ಮೇಲೆ ಉಳಿಯುವುದು ಮೊಳೆಯದೇ ಕಪ್ಪು ಗುರುತು.

ಹೀಗೆ ಒಂದರಿಂದ ಇನ್ನೊಂದನ್ನು ಗೀರಿ ಗೀರಿಯೇ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ 1812ರಲ್ಲಿ ಗಡಸುತನದ ಅಳತೆಯೊಂದನ್ನು ಮಾಡಿದ. ಒಂದರಿಂದ ಹತ್ತರವರೆಗೆ ಹತ್ತು ಮೆಟ್ಟಿಲು. ಮೇಲಿನ ತುದಿಯಲ್ಲಿ ವಜ್ರ, ಕೆಳಗಿನ ತುದಿಯಲ್ಲಿ ಟಾಲ್ಕ್. ಬಳಪದ ಕಲ್ಲಿನಲ್ಲಿರುವುದು ಈ ಟಾಲ್ಕೇ, ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಬಹಳ ಕಾಲದಿಂದ ಇದ್ದದ್ದೂ ಅದೇ. ನಮ್ಮ ಉಗುರು ಸುಮಾರು ಎರಡೂವರೆ. ಒರಳುಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಆರು, ಬೆಣಚು ಏಳು. ಉಗುರು ಸೋತದ್ದು ಅದಕ್ಕೇ.

ಈಗ ಅರಸೀಕೆರೆಗೆ ಬನ್ನಿ. ರೈಲು ಬದಲಿಸುವ ಜಂಕ್ಷನ್ ಎಂದು ಎಲ್ಲರಿಗೂ ಗೊತ್ತಿರುವ ಈ ಊರಿನಲ್ಲಿ 1220ರಲ್ಲಿ ಕಟ್ಟಿದ ಈಶ್ವರ ದೇವಾಲಯವಿದೆ. ಅದರ ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರ. ಅಲ್ಲಿಂದ ಹಳೇಬೀಡು, ಬೇಲೂರು ದೂರವೇನಲ್ಲ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಹಳೇಬೀಡು ಅಂದರೆ ಹೊಯ್ಸಳರ ರಾಜಧಾನಿ ದೋರಸಮುದ್ರ. ಈ ಮೂರೂ ಕಡೆ ಕಲ್ಲು ಬಳಪದ ಜಾತಿಯದು. (ಪರೀಕ್ಷೆ ಮನೆಯ ಬಳಪದ ಮೇಲೆ ಮಾತ್ರ. ದೇವಸ್ಥಾನದ ಗೋಡೆಗೆ ಉಗುರನ್ನೂ ತಾಗಿಸಬೇಡಿ.)

ಈ ಕಲ್ಲು ಏಕೆ ಇಷ್ಟು ಮೆತ್ತಗೆ? ಟಾಲ್ಕಿನ ಕಣಗಳು ಒಂದರ ಮೇಲೊಂದು ಪೇರಿಸಿದ ಹಾಳೆಗಳ ಹಾಗೆ ಜೋಡಿಸಿಕೊಂಡಿರುತ್ತವೆ. ಒಂದೊಂದು ಹಾಳೆಯೂ ಒಳಗೊಳಗೆ ಬಿಗಿಯಾಗಿದೆ, ಆದರೆ ಹಾಳೆ ಹಾಳೆಯ ನಡುವಿನ ಹಿಡಿತ ಸಡಿಲ. ತಳ್ಳಿದರೆ ಜಾರುತ್ತವೆ. ಮೆಗ್ನೀಸಿಯಂ ತುಂಬಿದ ಹಳೆಯ ಶಿಲೆಗಳು ನೆಲದಾಳದಲ್ಲಿ ಬಿಸಿಗೆ, ಒತ್ತಡಕ್ಕೆ, ನೀರಿಗೆ ಸಿಕ್ಕಿ ನಿಧಾನವಾಗಿ ಹೀಗೆ ಮಾರ್ಪಟ್ಟವು. ಹಾಸನ ಸೀಮೆಯಲ್ಲಿ ನುಗ್ಗೇಹಳ್ಳಿ, ಹೊಳೆನರಸೀಪುರದ ಸುತ್ತ ಅಂಥ ಶಿಲೆಗಳ ಪಟ್ಟಿಗಳೇ ಇವೆ. ಅವುಗಳ ವಯಸ್ಸು ಮುನ್ನೂರು ಕೋಟಿ ವರ್ಷದ ಲೆಕ್ಕದಲ್ಲಿದೆ. ದೇವಾಲಯದ ಕಲ್ಲಿನಲ್ಲಿ ಟಾಲ್ಕಿನ ಜೊತೆ ಕ್ಲೋರೈಟ್ ಎಂಬ ಹಸಿರು ಖನಿಜವೂ ಬೆರೆತಿರುವುದರಿಂದ ಅದು ಬರೀ ಟಾಲ್ಕಿನಷ್ಟು ಮೆದುವಲ್ಲ. ಉಳಿಗೆ ಒಗ್ಗುವಷ್ಟು ಮೆದು, ಎಂಟುನೂರು ವರ್ಷ ಮಳೆಗೆ ನಿಲ್ಲುವಷ್ಟು ಗಟ್ಟಿ.

ಬೇಲೂರಿನ ಮದನಿಕೆಯೊಬ್ಬಳ ತಲೆಯ ಮೇಲೆ ಬಾಗಿದ ಬಳ್ಳಿಯನ್ನು ಕತ್ತೆತ್ತಿ ನೋಡಿ. ಎಲೆಗಳ ನಡುವೆ ಹುಳುವಿಗೆ ಹೊಂಚು ಹಾಕಿದ ಪುಟ್ಟ ಹಲ್ಲಿ ಕಾಣುತ್ತದೆ. ನವರಂಗದ ಕಂಬಗಳ ಮೈಮೇಲಿನ ಉಂಗುರಗಳು ಎಷ್ಟು ಸಮವಾಗಿವೆ ಎಂದರೆ, ಕಂಬವನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆದಿರಬೇಕು ಎನ್ನುತ್ತಾರೆ ತಿಳಿದವರು. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ. ನಾನಾಗಿದ್ದರೆ ನಾನೂ ಕೆತ್ತುತ್ತಿದ್ದೆ!

ಅದೇ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟನದು ಗ್ರಾನೈಟ್ ಬೆಟ್ಟ. ಹತ್ತನೇ ಶತಮಾನದ ಕೊನೆಯಲ್ಲಿ, ಹೊಯ್ಸಳರಿಗಿಂತ ಮೊದಲೇ, ಚಾವುಂಡರಾಯ ಮಾಡಿಸಿದ್ದು. ಗೊಮ್ಮಟನ ಮೈಮೇಲೆ ಹಾರಗಳಿಲ್ಲ, ಜಾಲರಿಗಳಿಲ್ಲ. ಕೈಕಾಲಿಗೆ ಸುತ್ತಿದ ಬಳ್ಳಿ ಬಿಟ್ಟರೆ ಎತ್ತರ ಮತ್ತು ನುಣುಪು ಅಷ್ಟೇ. ತಪಸ್ಸಿಗೆ ನಿಂತವನಿಗೆ ಹಾರ ಬೇಡ, ಸರಿ. ಆದರೆ ಆ ಕಲ್ಲಿನಲ್ಲಿ ಹಲ್ಲಿಯ ಬಾಲ ಕೆತ್ತಲು ಕೂತಿದ್ದರೆ ಶಿಲ್ಪಿಯ ಪಾಡು ಬೇಡ.

ಹೊಯ್ಸಳರ ಕಥೆ ಇಲ್ಲಿಂದ ದಕ್ಷಿಣಕ್ಕೆ ಹೊರಳುತ್ತದೆ. 1231ರಲ್ಲಿ ಚೋಳರ ದೊರೆ ಮೂರನೇ ರಾಜರಾಜನನ್ನು ಕೊಪ್ಪೆರುಂಜಿಂಗ ಎಂಬ ಪಾಳೆಯಗಾರ ಸೇಂದಮಂಗಲದಲ್ಲಿ ಸೆರೆಯಲ್ಲಿಟ್ಟ. ಸುದ್ದಿ ಮುಟ್ಟಿದ್ದೇ ದೋರಸಮುದ್ರದಿಂದ ಎರಡನೇ ನರಸಿಂಹ ದಂಡು ಕಳಿಸಿ ಅವನನ್ನು ಬಿಡಿಸಿದ. ತಿರುವೇಂದಿಪುರದ ಶಾಸನದಲ್ಲಿ ಈ ಪ್ರಸಂಗ ಸವಿಸ್ತಾರವಾಗಿದೆ. ಬಿಡಿಸಲು ಹೋದವರು ಅಲ್ಲೇ ನೆಲೆ ನಿಂತರು, ಇದು ಇತಿಹಾಸದಲ್ಲಿ ಹೊಸದೇನಲ್ಲ. ನರಸಿಂಹನ ಮಗ ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಅರಮನೆ ಕಟ್ಟಿಸಿ, ಅದಕ್ಕೆ ವಿಕ್ರಮಪುರ ಎಂದು ಹೆಸರಿಟ್ಟು, ಅಲ್ಲಿಂದಲೇ ಆಳಿದ. ಕೊನೆಗೆ ರಾಜ್ಯ ಅವನ ಇಬ್ಬರು ಮಕ್ಕಳಿಗೆ ಹಂಚಿಹೋಯಿತು: ಮೂರನೇ ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ತಮಿಳು ಸೀಮೆ.

ಆ ಕಣ್ಣನೂರು ಇವತ್ತಿನ ಸಮಯಪುರ. ಹೊಯ್ಸಳರು ಅಲ್ಲಿ ಕಟ್ಟಿಸಿದ ಪೊಯ್ಸಳೇಶ್ವರ ದೇವಾಲಯ ಈಗ ಭೋಜೇಶ್ವರ ಎಂಬ ಹೆಸರಿನಲ್ಲಿ ಪೂಜೆಗೊಳ್ಳುತ್ತಿದೆ. ಬೇಲೂರಿನಿಂದ ಹೋದವರು ಅಲ್ಲಿ ನಕ್ಷತ್ರದ ಜಗತಿ, ಆನೆಸಾಲು, ಮದನಿಕೆ ಹುಡುಕಿದರೆ ಸಿಗುವುದಿಲ್ಲ. ಗೋಡೆ, ಕಂಬ, ಮಾಡ ಎಲ್ಲವೂ ಚೋಳರ ರೀತಿಯವು. ಶಾಸನಗಳ ಭಾಷೆಯೂ ಹೆಚ್ಚಾಗಿ ತಮಿಳು. 1258ರಲ್ಲಿ ಮೂರನೇ ನರಸಿಂಹನ ಸೀಮೆಯ ಸೋಮನಾಥಪುರದಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಸೂತಿ ಬಿಡಿಸುತ್ತಿದ್ದರಲ್ಲ, ಅದೇ ಹೊತ್ತಿಗೆ ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನ ಪಾಲಿಗೆ ಇದ್ದದ್ದು ಕಾವೇರಿ ಬಯಲಿನ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಹರಳುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಬೆಳೆದಿರುತ್ತವೆ. ಜಾರುವ ಹಾಳೆಗಳಿಲ್ಲ. ಉಳಿ ಇಟ್ಟು ಹೊಡೆದರೆ ಚಕ್ಕೆ ಹಾರುತ್ತದೆಯೇ ಹೊರತು ಸಿಪ್ಪೆಯಂತೆ ಸುಲಿಯುವುದಿಲ್ಲ.

ಹಾಗಾದರೆ ಬಳಪದ ಕಲ್ಲನ್ನೇ ಗಾಡಿಯಲ್ಲಿ ತರಿಸಬಹುದಿತ್ತಲ್ಲ? ಲೆಕ್ಕ ಹಾಕೋಣ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತುಂಡು ಸುಮಾರು 80 ಕಿಲೋ ತೂಗುತ್ತದೆ. ಹಳೇಬೀಡಿನಿಂದ ಶ್ರೀರಂಗಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ 400 ಕಿಲೋಮೀಟರ್ ಹತ್ತಿರ. ದಾರಿಯಲ್ಲಿ ಘಾಟಿ ಇಳಿಯಬೇಕು, ಎತ್ತುಗಳಿಗೆ ಮೇವು ಬೇಕು. ಒಂದು ದೇವಾಲಯಕ್ಕೆ ಅಂಥ ತುಂಡು ಎಷ್ಟು ಸಾವಿರ ಬೇಕಾದೀತು, ನೀವೇ ಯೋಚಿಸಿ. ಕಲ್ಲೊಂದೇ ಕಾರಣ ಎಂದೂ ನಾನು ಹೇಳುವುದಿಲ್ಲ. ಅಲ್ಲಿ ಗಟ್ಟಿ ಕಲ್ಲಿಗೆ ಕೈ ಪಳಗಿದ ಶಿಲ್ಪಿಗಳಿದ್ದರು, ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆಯಿತ್ತು. ಪೂಜೆಗೆ ಬರುವವರೂ ಅಲ್ಲಿನವರೇ. ಅವರ ರೀತಿಯಲ್ಲೇ ಕಟ್ಟಿಸಿದ್ದು ಜಾಣತನ ಅಂತಲೇ ನನಗೆ ಅನಿಸುತ್ತದೆ.

ನೀರಿನ ದಾರಿ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಹೆಚ್ಚುಕಡಿಮೆ ಹೊಯ್ಸಳರ ಕಾಲದಲ್ಲೇ ಫ್ರಾನ್ಸಿನ ಕೆಲವು ಮನೆತನಗಳೂ ಪರದೇಶದ ಗದ್ದುಗೆ ಏರಿದ್ದವು. ನಾರ್ಮಂಡಿಯ ವಿಲಿಯಂ 1066ರಲ್ಲಿ ಇಂಗ್ಲೆಂಡ್ ಗೆದ್ದ. 1154ರಲ್ಲಿ ಆಂಜೂ ಮನೆತನದ ಎರಡನೇ ಹೆನ್ರಿ ಅಲ್ಲಿನ ದೊರೆಯಾದ. ಈ ಅರಸರಿಗೆ ತಮ್ಮ ಕಡೆಯ ಕಾನ್ ಊರಿನ ಸುಣ್ಣಕಲ್ಲು ಎಂದರೆ ಪ್ರೀತಿ, ನಡುವೆ ಇದ್ದದ್ದು ಒಂದು ಕಿರಿದಾದ ಕಡಲು. ಹಡಗು ತುಂಬ ಕಲ್ಲು ಹೋಯಿತು. 1174ರಲ್ಲಿ, ಇಲ್ಲಿ ಹೊಯ್ಸಳರ ವೀರಬಲ್ಲಾಳ ಪಟ್ಟಕ್ಕೆ ಬಂದ ಮರುವರ್ಷ, ಅಲ್ಲಿ ಕ್ಯಾಂಟರ್‌ಬರಿಯ ದೊಡ್ಡ ಚರ್ಚಿಗೆ ಬೆಂಕಿ ಬಿತ್ತು. ಅದನ್ನು ಮತ್ತೆ ಕಟ್ಟಲು ಬಂದ ಫ್ರಾನ್ಸಿನ ಮೇಸ್ತ್ರಿ, ಸಾನ್ಸ್ ಊರಿನ ವಿಲಿಯಂ, ಹಡಗಿಗೆ ಕಲ್ಲು ಏರಿಸಲು ಇಳಿಸಲು ಯಂತ್ರಗಳನ್ನೇ ಮಾಡಿಸಿದ ಎಂದು ಅಲ್ಲಿನ ಮಠದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ.

ಲೂಸಿನ್ಯಾನ್ ಎಂಬ ಇನ್ನೊಂದು ಫ್ರೆಂಚ್ ಮನೆತನ 1192ರಿಂದ ಸೈಪ್ರಸ್ ದ್ವೀಪವನ್ನು ಆಳಿತು. ಅವರಿಗೆ ಕಲ್ಲು ಹೊರುವ ಗೋಜೇ ಬೀಳಲಿಲ್ಲ. ಆ ದ್ವೀಪದ ನೆಲದಲ್ಲೇ ತಿಳಿಹಳದಿ ಬಣ್ಣದ ಮೆತ್ತನೆಯ ಸುಣ್ಣಕಲ್ಲು ಇತ್ತು. ಸುಣ್ಣಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ ಮೂರು, ಉಗುರಿಗಿಂತ ತುಸು ಹೆಚ್ಚು. ಹಾಗಾಗಿ ನಿಕೋಸಿಯಾ, ಫಾಮಗುಸ್ತಾ ಊರುಗಳಲ್ಲಿ ಅಪ್ಪಟ ಫ್ರೆಂಚ್ ಶೈಲಿಯ ಚರ್ಚುಗಳು ತಲೆಯೆತ್ತಿದವು.

ನಮ್ಮ ಕಡೆ ಹೊಯ್ಸಳರ ಕೊನೆಯ ದೊಡ್ಡ ದೊರೆ ಮೂರನೇ ಬಲ್ಲಾಳ ತಮಿಳು ನೆಲದಲ್ಲೇ ಮಧುರೆಯ ಸುಲ್ತಾನನೊಡನೆ ಕಾದಾಡಿ, ಸೆರೆಸಿಕ್ಕಿ ಕೊಲೆಯಾದ. ಅವನ ನಂತರ ಬಂದ ವಿಜಯನಗರದವರು ರಾಜಧಾನಿ ಹೂಡಿದ್ದು ಹಂಪಿಯ ಗ್ರಾನೈಟ್ ಬಂಡೆಗಳ ನಡುವೆ. ಅಲ್ಲಿನ ಗುಡಿಗಳೂ ಆ ಬಂಡೆಯವೇ. ಆದರೆ ಹಜಾರರಾಮ ದೇವಾಲಯದ ಒಳಗೆ ಹೋದರೆ ಮಂಟಪದ ನಡುವೆ ನಾಲ್ಕು ಕಂಬಗಳು ಮಾತ್ರ ಕಪ್ಪಗೆ ಮಿರಿಮಿರಿ ಮಿಂಚುತ್ತಿರುತ್ತವೆ. ಸುತ್ತಲಿನ ಬಂಡೆಗೂ ಅವಕ್ಕೂ ನೆಂಟಸ್ತಿಕೆಯೇ ಇಲ್ಲ. ನಾಲ್ಕೇ ಕಂಬಕ್ಕಾದರೆ ಗಾಡಿ ಹೂಡಬಹುದು.