ಆಟದೊಳಗಣ ಅಂಜಿಕೆ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ‘ಆಟ’ವೆಂದರೆ ಬಯಲಾಟ. ನಿನ್ನೆ ಆಟಕ್ಕೆ ಹೋಗಿದ್ದೆ ಎಂದು ಒಬ್ಬನು ಹೇಳಿದರೆ, ಆತ ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನ ನೋಡಿದನೆಂದೇ ಅರ್ಥ. ಚೆಂಡಾಟಕ್ಕೆ ಹೋದನೆಂದು ಯಾರೂ ಭಾವಿಸುವುದಿಲ್ಲ. ಆದುದರಿಂದ ಕಳೆದ ಜನವರಿಯಲ್ಲಿ, ಕಡಬ ತಾಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹನ್ನೊಂದು ವರ್ಷದ ಮೊಮ್ಮಗ ಬಂದು, “ಅಜ್ಜಾ, ನಾನು ಆಟ ಆಡುವಾಗ ನೀವು ಸ್ವಲ್ಪ ಹತ್ತಿರ ಕೂತ್ಕೊಳ್ತೀರಾ? ಒಬ್ಬನಿಗೆ ಹೆದರಿಕೆ ಆಗ್ತದೆ” ಎಂದಾಗ ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವನ ಕೈಯಲ್ಲಿದ್ದುದು ತಾಯಿಯ ಮೊಬೈಲು. ಅವನು ಹೇಳಿದ ಆಟ ಆ ಅಂಗೈಯಗಲದ ಗಾಜಿನೊಳಗೆ ನಡೆಯತಕ್ಕದ್ದು.

ಹೆದರಿಕೆಯಾಗುವುದಾದರೆ ಆಡುವುದೇಕೆ ಎಂದು ಕೇಳಿದೆ. ಬಹುಕಾಲ ಪಾಠ ಹೇಳಿ ನಿವೃತ್ತನಾದವನ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಇಂಥದೇ. ಹುಡುಗ ಉತ್ತರ ಕೊಡಲಿಲ್ಲ. ನನ್ನ ಮಗ್ಗುಲಲ್ಲಿ ಕುಳಿತು ಆಟ ತೊಡಗಿದ.

ಆಟದ ಹೆಸರು ‘ಗ್ರಾನಿ’, ಎಂದರೆ ಅಜ್ಜಿ. 2017ರಲ್ಲಿ ಹೊರಬಂದದ್ದಂತೆ. ಆಡುವವನು ಕತ್ತಲೆಯ ಮನೆಯೊಂದರ ಮಂಚದ ಮೇಲೆ ಕಣ್ಣು ತೆರೆಯುತ್ತಾನೆ. ಬಾಗಿಲಿಗೆ ಹಲವು ಬೀಗಗಳು. ಬೀಗದ ಕೈ, ಸುತ್ತಿಗೆ ಮೊದಲಾದುವನ್ನು ಆ ಮನೆಯ ಮೂಲೆಮುಡುಕುಗಳಲ್ಲಿ ಹುಡುಕಿ ತಪ್ಪಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬ ಮುದುಕಿ ದೊಣ್ಣೆ ಹಿಡಿದು ತಿರುಗುತ್ತಿರುತ್ತಾಳೆ. ಅವಳ ಕಿವಿ ಬಹಳ ಸೂಕ್ಷ್ಮ. ಕೈಯಿಂದ ಒಂದು ವಸ್ತು ಜಾರಿ ಬಿದ್ದರೆ, ನೆಲದ ಹಲಗೆ ಕಿರುಗುಟ್ಟಿದರೆ, ಬಂದೇ ಬರುತ್ತಾಳೆ. ಆಗ ಮಂಚದಡಿ ತೂರಿಕೊಳ್ಳಬೇಕು, ಇಲ್ಲವೆ ಕಪಾಟಿನಲ್ಲಿ ಅಡಗಬೇಕು. ಸಿಕ್ಕಿಬಿದ್ದರೆ ಒಂದು ಪೆಟ್ಟು, ಕತ್ತಲೆ, ಮತ್ತೆ ಅದೇ ಮಂಚ, ಎರಡನೆಯ ದಿನ. ಹೀಗೆ ಒಟ್ಟು ಐದು ದಿನಗಳ ಅವಕಾಶ. ಇದನ್ನು ಕೇಳಿ ನನ್ನ ಹೆಂಡತಿ, “ಲೋಕದಲ್ಲಿ ಭೂತ ಮಾಡಲಿಕ್ಕೆ ಅಜ್ಜಿಯೇ ಸಿಕ್ಕಿದ್ದಾ ಅವರಿಗೆ?” ಎಂದು ನಿಜವಾಗಿಯೂ ನೊಂದುಕೊಂಡಳು.

ನಾನು ಗಾಜನ್ನು ನೋಡುವುದಕ್ಕಿಂತ ಹುಡುಗನನ್ನೇ ನೋಡುತ್ತಿದ್ದೆ. ಮುದುಕಿಯ ಹೆಜ್ಜೆಯ ಸದ್ದು ಸಮೀಪಿಸಿದಾಗ ಅವನ ಹೆಗಲು ಕಿವಿಯವರೆಗೆ ಏರುತ್ತಿತ್ತು. ಕಪಾಟಿನಲ್ಲಿ ಅಡಗಿದಾಗ ನಿಜವಾಗಿಯೇ ಉಸಿರು ಕಟ್ಟುತ್ತಿದ್ದ, ತನ್ನ ಉಸಿರು ಅವಳಿಗೆ ಕೇಳೀತು ಎಂಬಂತೆ. “ಇದೆಲ್ಲ ಬರೀ ಚಿತ್ರ ಅಲ್ಲವಾ ಮಗಾ, ಸುಳ್ಳಿಗೆ ಯಾರಾದರೂ ಹೆದರುತ್ತಾರಾ?” ಎಂದೆ. ಅವನು ತಲೆ ಎತ್ತದೆ ಹೇಳಿದ: “ಸುಳ್ಳಂತ ಗೊತ್ತುಂಟು ಅಜ್ಜಾ. ಆದರೂ ಎದೆ ಹೊಡ್ಕೊಳ್ತದೆ.”

ಕಾವ್ಯಮೀಮಾಂಸೆಯ ಪಾಠದಲ್ಲಿ ವರ್ಷಕ್ಕೊಮ್ಮೆ ನಾನು ಕಪ್ಪು ಹಲಗೆಯ ಮುಂದೆ ನಿಂತು ಎತ್ತುತ್ತಿದ್ದ ಪ್ರಶ್ನೆಯನ್ನು ಈ ಹುಡುಗ ಒಂದೇ ಮಾತಿನಲ್ಲಿ ನನ್ನ ಮುಂದೆ ಇಟ್ಟುಬಿಟ್ಟಿದ್ದ. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಯಾರೂ ಬೇಡವೆನ್ನುವ ಭಯವು ರಂಗದ ಮೇಲೆ ಬಂದಾಗ ಜನ ದುಡ್ಡು ಕೊಟ್ಟು, ನಿದ್ದೆ ಬಿಟ್ಟು ಅದನ್ನು ಸವಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳುವಾಗ ಕಾಶ್ಮೀರದ ಅಭಿನವಗುಪ್ತನು ಕಾಳಿದಾಸನ ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ಎತ್ತಿಕೊಳ್ಳುತ್ತಾನೆ. ದುಷ್ಯಂತನ ರಥ ಬೆನ್ನಟ್ಟಿದೆ, ಜಿಂಕೆ ಕೊರಳು ತಿರುಗಿಸಿ ನೋಡುತ್ತ ಓಡುತ್ತಿದೆ. ನೋಡುವ ಸಹೃದಯನಿಗೆ ಆಗುವ ಭಯ ‘ನಾನು ಹೆದರಿದ್ದೇನೆ’ ಎಂಬುದಲ್ಲ, ‘ಆ ಜಿಂಕೆ ಹೆದರಿದೆ’ ಎಂಬುದೂ ಅಲ್ಲ. ನನ್ನದು, ನಿನ್ನದು, ಇಲ್ಲಿ, ಅಲ್ಲಿ ಎಂಬ ಕಟ್ಟುಗಳಿಲ್ಲದ ಬರಿಯ ಭಯ. ಆದುದರಿಂದಲೇ ಅದು ಆಸ್ವಾದ್ಯ. ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗುವುದನ್ನು ಅವನು ರಸದ ಏಳು ವಿಘ್ನಗಳಲ್ಲಿ ಒಂದಾಗಿ ಎಣಿಸಿದ್ದಾನೆ.

ಈಗ ನಮ್ಮ ಹುಡುಗನ ಸ್ಥಿತಿಯನ್ನು ನೋಡಿ. ಅವನು ಜಿಂಕೆಯನ್ನು ನೋಡುತ್ತಿಲ್ಲ, ಅವನೇ ಜಿಂಕೆ. ಓಡುವ ಕಾಲು ಅವನ ಹೆಬ್ಬೆರಳಿನಲ್ಲಿದೆ. ತಪ್ಪಿದರೆ ಪೆಟ್ಟು ಬೀಳುವುದು ಅವನಿಗೆ. ಅಭಿನವಗುಪ್ತನು ಎಷ್ಟೋ ಎಚ್ಚರದಿಂದ ಕಟ್ಟಿದ ಅಂತರವನ್ನು ಈ ಆಟವನ್ನು ರಚಿಸಿದವರು ಬುದ್ಧಿಪೂರ್ವಕವಾಗಿ ಕೆಡವಿದ್ದಾರೆ. ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ಈ ವಿದ್ಯೆಯ ಇತಿಹಾಸವನ್ನು ನನಗೆ ಸಾಕಷ್ಟು ತಿಳಿಸಿದ. 1996ರಲ್ಲಿ ಜಪಾನಿನಿಂದ ಬಂದ ‘ರೆಸಿಡೆಂಟ್ ಈವಿಲ್’ ಎಂಬುದರಲ್ಲಿ ಆಡುವವನ ಕೈಯಲ್ಲಿ ಬಂದೂಕವಾದರೂ ಇತ್ತು, ಗುಂಡುಗಳು ಮಾತ್ರ ಕಡಿಮೆ. 2010ರ ‘ಅಮ್ನೀಷಿಯಾ’ ಎಂಬ ಸ್ವೀಡನ್ನಿನ ಆಟದಲ್ಲಿ ಆಯುಧವೇ ಇಲ್ಲ, ಓಡಬೇಕು, ಅಡಗಬೇಕು. ಕತ್ತಲೆಯಲ್ಲಿ ಹೆಚ್ಚು ಹೊತ್ತು ನಿಂತರೆ ಆಟದ ಪಾತ್ರಕ್ಕೆ ಮತಿಭ್ರಮಣೆಯಾಗಿ ಕಣ್ಣ ಮುಂದಿನ ದೃಶ್ಯವೇ ಕದಡುತ್ತದೆಯಂತೆ. ‘ರೆಸಿಡೆಂಟ್ ಈವಿಲ್’ನಲ್ಲಿ ಒಂದು ಸಂಗತಿ ನನಗೆ ಹಿಡಿಸಿತು. ಅಲ್ಲಲ್ಲಿ ಬೆರಳಚ್ಚು ಯಂತ್ರವಿಟ್ಟ ಕೋಣೆಗಳಿವೆ. ಅಲ್ಲಿ ಕುಳಿತು ತನ್ನ ಆಟವನ್ನು ದಾಖಲು ಮಾಡಬಹುದು. ಆ ಕೋಣೆಗಳಲ್ಲಿ ಸಂಗೀತವೂ ಶಾಂತವಾಗುತ್ತದೆ, ರಾಕ್ಷಸರ ಕಾಟವೂ ಇಲ್ಲ. ಭಯವನ್ನು ಬಲ್ಲವನೇ ಇದನ್ನು ರಚಿಸಿರಬೇಕು. ನೀನು ಹೇಗೆ ಸಹಿಸುತ್ತೀಯಪ್ಪಾ ಎಂದು ಕೇಳಿದರೆ, “ಹಾಸ್ಟೆಲಿನಲ್ಲಿ ಮೂರು ಜನ ಕೂತು ಆಡೋದು ದೊಡ್ಡಪ್ಪಾ, ಒಬ್ಬನೇ ಯಾರು ಆಡ್ತಾರೆ?” ಎಂದು ನಕ್ಕ. ರನ್ನನ ದುರ್ಯೋಧನನೂ ಮರುಳುಗಳು ಕುಣಿಯುವ ರಣಭೂಮಿಯನ್ನು ದಾಟಿದ್ದು ಸಂಜಯನ ಜೊತೆಯಲ್ಲಿಯೇ ತಾನೆ!

ನಾನು ಮೊದಲ ಸಲ ಹೀಗೆ ಹೆದರಿದ್ದು ಸುಳ್ಯದ ಕಡೆಯ ನನ್ನ ಹುಟ್ಟೂರಿನ ಗದ್ದೆಯಲ್ಲಿ, 1960ರ ದಶಕದ ಕೊನೆಗೆ. ಕಟೀಲು ಮೇಳದ ‘ದೇವಿಮಹಾತ್ಮೆ’. ಮಧುಕೈಟಭರ ವಧೆಯಾದ ಮೇಲೆ ನಾನು ಅಜ್ಜಿಯ ತೊಡೆಯ ಮೇಲೆ ತೂಕಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಬೆನ್ನ ಹಿಂದಿನ ಕತ್ತಲೆಯಿಂದ ಒಂದು ಆರ್ಭಟೆ ಕೇಳಿಸಿತು. ತಿರುಗಿದರೆ ದೂರದಲ್ಲಿ ಪಂಜುಗಳು, ರಾಳದ ಪುಡಿ ಎರಚಿದಂತೆಲ್ಲ ಭುಗಿಲೆನ್ನುವ ಬೆಂಕಿ, ಅದರ ನಡುವೆ ಎರಡು ಕೊಂಬು. ಮಹಿಷಾಸುರ ರಂಗಸ್ಥಳದಿಂದ ಬರುವುದಿಲ್ಲ, ನಾವು ಕುಳಿತಿರುವ ಕಡೆಯಿಂದಲೇ, ನಮ್ಮ ನಡುವಿನಿಂದಲೇ ಬರುತ್ತಾನೆ. ನಾನು ಅಜ್ಜಿಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಆದರೆ ಸೆರಗಿನ ಅಂಚಿನಿಂದ ಒಂದು ಕಣ್ಣು ಮಾತ್ರ ಹೊರಗಿತ್ತು. ಆ ಒಂದು ಕಣ್ಣು ಯಾಕೆ ಮುಚ್ಚಲಿಲ್ಲವೆಂದು ಇಂದಿಗೂ ನಾನು ಯೋಚಿಸುತ್ತೇನೆ.

ಬೆಳಿಗ್ಗೆ ಮಂಗಳವಾದ ಮೇಲೆ ಅಪ್ಪ ನನ್ನನ್ನು ಚೌಕಿಗೆ ಕರೆದೊಯ್ದರು. ಮಹಿಷಾಸುರ ಚಾಪೆಯ ಮೇಲೆ ಕುಳಿತು ಚಾ ಕುಡಿಯುತ್ತಿದ್ದ. ಮುಖದಲ್ಲಿ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯ ಚುಕ್ಕೆಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಆ ಚುಕ್ಕೆಗಳನ್ನು ಸಾಲುಸಾಲಾಗಿ ಇಡಲು ಗಂಟೆಗಟ್ಟಲೆ ಬೇಕೆಂದು ಅಪ್ಪ ವಿವರಿಸಿದರು. ಆ ಕಲಾವಿದರು ನನ್ನನ್ನು ಕರೆದು ತಮ್ಮ ಮುಖದಿಂದ ಒಂದು ಚುಕ್ಕೆಯನ್ನು ಕೀಳಲು ಬಿಟ್ಟರು. ಅದು ಒಣಗಿದ ದೋಸೆಹಿಟ್ಟಿನಂತಿತ್ತು. ಮರುವರ್ಷ ಅದೇ ಮಹಿಷಾಸುರ ಅದೇ ಕತ್ತಲೆಯಿಂದ ಬಂದಾಗ ನಾನು ಹೆದರಲಿಲ್ಲವೇ? ಹೆದರಿದೆ, ಅಷ್ಟೇ ಹೆದರಿದೆ. ಆದರೆ ಈ ಸಲ ಎರಡು ಕಣ್ಣೂ ಹೊರಗಿದ್ದವು.

ಬಯಲಾಟದ ಭಯಕ್ಕೆ ಹಿಂದೆಮುಂದೆ ಎಷ್ಟೊಂದು ಏರ್ಪಾಡಿದೆ ಎಂಬುದು ಈಗ ನನಗೆ ಹೊಳೆಯುತ್ತದೆ. ಮೊದಲು ಪೂರ್ವರಂಗ: ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷ. ಮಗುವಿನ ಮನಸ್ಸು ನಿತ್ಯದ ಲೋಕದಿಂದ ಮೆಲ್ಲನೆ ಆಟದ ಲೋಕಕ್ಕೆ ಇಳಿಯುತ್ತದೆ. ಅಭಿನವಗುಪ್ತನೂ ರಸವಿಘ್ನವೊಂದರ ನಿವಾರಣೆಗೆ ಪೂರ್ವರಂಗವನ್ನೇ ಹೇಳಿದ್ದಾನೆ. ಭಯ ಹೆಚ್ಚಾದಾಗ ಹಾಸ್ಯಗಾರ ಬರುತ್ತಾನೆ. ಕೊನೆಗೆ ಬೆಳಕು ಹರಿಯುವ ಹೊತ್ತಿಗೆ ಮಂಗಳ. ಇಷ್ಟರ ಮೇಲೆ ಒಂದು ತೊಡೆ, ಒಂದು ಸೆರಗು, ಸುತ್ತ ಊರಿಗೆ ಊರೇ. ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡುವ ಪುರಂದರದಾಸರ ಕೃಷ್ಣನಿಗೂ ಬೇಡಿಕೊಳ್ಳಲು ಒಬ್ಬಳು ತಾಯಿ ಎದುರಿಗಿದ್ದಳು. ಮೊಬೈಲಿನ ಹುಡುಗ ಗಣಿತದ ಪುಸ್ತಕ ಮುಚ್ಚಿ ಅರೆ ನಿಮಿಷದಲ್ಲಿ ಮುದುಕಿಯ ಮನೆಯೊಳಗಿರುತ್ತಾನೆ. ಮತ್ತೆ ತಾಯಿ ಗದರಿದಳೆಂದು ಅರೆ ನಿಮಿಷದಲ್ಲಿ ಹಾಸಿಗೆಯೊಳಗಿರುತ್ತಾನೆ. ಅವನಿಗೆ ಪೂರ್ವರಂಗವೂ ಇಲ್ಲ, ಮಂಗಳವೂ ಇಲ್ಲ. ಮುಗಿಯದ ಭಯವನ್ನು ಹೊದಿಕೆಯೊಳಗೆ ಕೊಂಡೊಯ್ದ ಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಹಾಗೆಂದು ಮೊಬೈಲನ್ನು ಕಿತ್ತುಕೊಳ್ಳಿ ಎಂದು ಮಗಳಿಗೆ ಹೇಳುವವನಿದ್ದೆ. ಹೇಳದೆ ಉಳಿದದ್ದು ಒಳ್ಳೆಯದಾಯಿತು. ಏಕೆಂದರೆ ಹುಡುಗ ತನ್ನಷ್ಟಕ್ಕೆ ತಾನೇ ಕೆಲವು ಉಪಾಯಗಳನ್ನು ಕಂಡುಕೊಂಡಿದ್ದ. ಆ ಆಟದಲ್ಲಿ ಅಭ್ಯಾಸಕ್ಕೆಂದು ಒಂದು ಬಗೆಯಿದೆ; ಅದನ್ನು ಆರಿಸಿಕೊಂಡರೆ ಮನೆಯೆಲ್ಲ ಹಾಗೆಯೇ ಇರುತ್ತದೆ, ಮುದುಕಿ ಮಾತ್ರ ಇರುವುದಿಲ್ಲ. ದಿನವೂ ಮೊದಲು ಅದರಲ್ಲಿ ತಿರುಗಾಡಿ, ಮೆಟ್ಟಿಲು ಎಲ್ಲಿ, ಕಪಾಟು ಎಲ್ಲಿ ಎಂದು ಪರಿಚಯ ಮಾಡಿಕೊಂಡು ಆಮೇಲೆ ನಿಜವಾದ ಆಟಕ್ಕಿಳಿಯುತ್ತಿದ್ದ. ಇದು ಪೂರ್ವರಂಗವಲ್ಲದೆ ಮತ್ತೇನು? ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನವನ್ನು ತೆಗೆದಿಡುತ್ತಿದ್ದ. ಭಯದ ಬಹುಪಾಲು ಕಣ್ಣಿನಿಂದಲ್ಲ, ಕಿವಿಯಿಂದ ಒಳಬರುತ್ತದೆಂಬುದು ಅವನಿಗೆ ತಿಳಿದಿತ್ತು. ಚಂಡೆಯಿಲ್ಲದೆ ಮಹಿಷಾಸುರ ಬಂದರೆ ಯಾರು ಹೆದರುತ್ತಾರೆ! ನಾನು ಸೂಚಿಸಿದ್ದು ಎರಡೇ: ಕೋಣೆಯ ದೀಪ ಹಾಕಿಕೊಂಡು ಆಡು, ಮತ್ತು ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಆಡು. “ಈಗ ಬಾಗಿಲು ತೆಗೀತೇನೆ, ಈಗ ಅವಳು ಮೇಲೆ ಹೋದಳು” ಎಂದು ಅವನು ಹೇಳತೊಡಗಿದಂತೆ ಹೆಗಲು ಕೆಳಗಿಳಿಯಿತು, ಉಸಿರು ಸರಾಗವಾಯಿತು. ಕಟ್ಟಿಹಿಡಿದ ಉಸಿರು ಎದೆಬಡಿತವನ್ನು ಇನ್ನಷ್ಟು ದೊಡ್ಡದಾಗಿ ಕೇಳಿಸುತ್ತದೆ. ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ಜೊತೆಗೆ, ವೇಷವಷ್ಟೇ ಆಗಿದ್ದವನು ಭಾಗವತನೂ ಆದ.

ಇಷ್ಟಾದರೂ ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ನನಗೆ ಎಚ್ಚರವಾದಾಗ ಹುಡುಗ ಕಿಟಕಿಯ ಬಳಿ ನಿಂತಿದ್ದ. ಹೊರಗೆ ರಬ್ಬರು ತೋಟದಲ್ಲಿ ಒಂದು ಬೆಳಕಿನ ಚುಕ್ಕೆ ಮರದಿಂದ ಮರಕ್ಕೆ ಹೋಗುತ್ತಿತ್ತು. ಅಳಿಯಂದಿರು ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್ ಮಾಡುತ್ತಿದ್ದರು. ರಬ್ಬರು ಬೆಳೆಯುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದು ನಿತ್ಯದ ಕೆಲಸ. ಬಿಸಿಲೇರಿದರೆ ಹಾಲು ಕಡಿಮೆ. 2023ರ ಫೆಬ್ರವರಿಯಲ್ಲಿ ಇದೇ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೊರಟಿದ್ದ ಯುವತಿಯೊಬ್ಬಳೂ ಅವಳ ನೆರವಿಗೆ ಧಾವಿಸಿದವರೊಬ್ಬರೂ ಕಾಡಾನೆಯ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡದ್ದು ಶ್ರೋತೃಗಳಿಗೆ ನೆನಪಿರಬಹುದು. ಆ ಆನೆಯನ್ನು ಸಾಕಾನೆಗಳ ಸಹಾಯದಿಂದ ಕೆಲವೇ ದಿನಗಳಲ್ಲಿ ಹಿಡಿದರು. ಕಾಡು ಮಾತ್ರ ಅಲ್ಲಿಯೇ ಇದೆ, ಆನೆಯ ದಾರಿಯೂ ಅಲ್ಲಿಯೇ ಇದೆ.

“ಅಪ್ಪನ ಲೈಟು ಕಾಣದಿದ್ದರೆ ನನಗೆ ಹೆದರಿಕೆ ಆಗ್ತದೆ” ಎಂದ. ಬಳಿಕ ನಾನು ಮೊದಲ ದಿನ ಕೇಳಿದ್ದ ಪ್ರಶ್ನೆಗೆ, ಕೇಳದಿದ್ದರೂ, ಉತ್ತರ ಹೇಳಿದ: “ಆ ಆಟದಲ್ಲಾದರೆ ಐದು ದಿನ ಉಂಟಲ್ಲ ಅಜ್ಜಾ.”

ನನ್ನಲ್ಲಿ ಮಾತಿರಲಿಲ್ಲ. ನಾನು ಭಯಾನಕ ರಸವನ್ನು ಕುರಿತು ಯೋಚಿಸುತ್ತಿದ್ದಾಗ ಅವನು ಭಯವನ್ನೇ ಎತ್ತಿ ತಂದು, ಹಿಡಿಯಲು ಬರುವಷ್ಟು ಚಿಕ್ಕದು ಮಾಡಿ, ಕೈಯಲ್ಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ. ಸದ್ದಿಗೆ ಕಿವಿಗೊಡುವುದು, ಕಾಯುವುದು, ಓಡಬೇಕಾದಾಗ ಓಡುವುದು. ಕಿಟಕಿಯ ಬಳಿ ಅವನಿಗೆ ಇವುಗಳಲ್ಲಿ ಕಾಯುವುದೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಅವಕಾಶವಿರಲಿಲ್ಲ. ಇಂಥ ಭಯಕ್ಕೆ ಹೆದರಬೇಡವೆಂದು ಹೇಳುವ ಧೈರ್ಯ ನನಗಾಗಲಿಲ್ಲ, ಹೇಳಿದರೆ ಸುಳ್ಳಾಗುತ್ತಿತ್ತು.

ಹಗಲು ಅಳಿಯಂದಿರಿಗೆ ಸಂಗತಿ ತಿಳಿಸಿದೆ. ಅವರು ಮಾತು ಕಡಿಮೆಯ ಮನುಷ್ಯರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ನಿದ್ದೆ ಮಾಡ್ತಾನೆ ಅಂತ ನಾನು ಸದ್ದಿಲ್ಲದೆ ಹೋಗ್ತಿದ್ದೆ ಮಾವ” ಎಂದರು. ಅಂದಿನಿಂದ ಹೊರಡುವಾಗ ಮಗನ ತಲೆ ಮುಟ್ಟಿ ಹೇಳಿಯೇ ಹೋಗತೊಡಗಿದರು. ಒಂದು ಸಾಲು ಮರ ಮುಗಿದೊಡನೆ ತೋಟದಿಂದ ಒಮ್ಮೆ ‘ಕೂ’ ಎಂದು ಕೂಗುವುದೆಂದೂ ತಂದೆ ಮಕ್ಕಳಲ್ಲಿ ಒಪ್ಪಂದವಾಯಿತು. ಒಟ್ಟು ಹನ್ನೊಂದು ಸಾಲು.

ನಾನು ಪುತ್ತೂರಿಗೆ ಹಿಂತಿರುಗುವ ಮೊದಲಿನ ರಾತ್ರಿ ಹುಡುಗ ಆ ಮುದುಕಿಯ ಮನೆಯಿಂದ ಐದನೆಯ ದಿನ ಹೇಗೋ ತಪ್ಪಿಸಿಕೊಂಡ. ಬಳಿಕ ಮೊಬೈಲನ್ನು ನನ್ನ ಕೈಗಿತ್ತ. ನಾನು ಮೊದಲ ಹೆಜ್ಜೆಯಲ್ಲೇ ಏನನ್ನೋ ಕೆಡವಿ ಸಿಕ್ಕಿಬಿದ್ದೆ. ಬಿದ್ದು ಬಿದ್ದು ನಕ್ಕ. ಬೆಳಗಿನ ಜಾವ ತೋಟದಿಂದ ಕೂಗು ಕೇಳತೊಡಗಿತು. ಮೂರನೆಯದಕ್ಕೆ ಅವನ ಉಸಿರು ನಿದ್ದೆಯ ಉಸಿರಾಯಿತು. ಹನ್ನೊಂದನೆಯ ಕೂಗು ಬರುವವರೆಗೆ ಎಚ್ಚರವಿದ್ದು ಎಣಿಸಿದವನು ನಾನು.