ರೈತರಿಗೆ ವೃಕ್ಷಾಸನ
(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವರು ಆಸನದ ಮಾತೇಕೆ ಎತ್ತಿದರೆಂದು ನೀವು ಕೇಳಬಹುದು. ಬೆಳೆಗೆ ಗೊಬ್ಬರ, ಎತ್ತಿಗೆ ಮೇವು ಎಂದು ಯೋಚಿಸುವ ನಾವು ದುಡಿಯುವ ಮೈಯನ್ನು ಮರೆಯುತ್ತೇವೆ. ನೆನೆದ ಎರೆಭೂಮಿಯ ಒಡ್ಡಿನ ಮೇಲೆ, 16 ಲೀಟರಿನ ತುಂಬಿದ ಪಂಪು ಬೆನ್ನಿಗೆ ಹೊತ್ತು ತೊಗರಿಗೆ ಔಷಧಿ ಹೊಡೆಯಲು ಹೊರಟಾಗ ಒಂದು ಕಾಲು ಜಾರಿದರೆ ಇನ್ನೊಂದು ಕಾಲು ಮೈಯನ್ನು ಹಿಡಿಯಬೇಕು. ವಯಸ್ಸಾದಂತೆ ಈ ಹಿಡಿತ ಸಡಿಲಾಗುತ್ತದೆ. ಮುಪ್ಪಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದರೆ ಹಂಗಾಮೇ ಹೋಗುತ್ತದೆ. ಕೆಲವರು ಮತ್ತೆ ಏಳುವುದೇ ಇಲ್ಲ.

ಬ್ರೆಜಿಲ್ ದೇಶದಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಪರೀಕ್ಷಿಸಿದ ವರದಿ 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲಲಾಗಲಿಲ್ಲ. ಮುಂದಿನ ಸುಮಾರು ಏಳು ವರ್ಷಗಳಲ್ಲಿ ಅಂಥವರಲ್ಲಿಯೇ ಸಾವು ಹೆಚ್ಚಾಗಿತ್ತು. ನಿಲ್ಲಲಾಗದ್ದೇ ಸಾವಿಗೆ ಕಾರಣವೆಂದಲ್ಲ. ಎಲೆ ಹಳದಿಯಾಗಿ ಬೆಳೆಯ ಕೊರತೆ ತಿಳಿಸುವಂತೆ ಅದು ಮೈ ಕೊಡುವ ಸೂಚನೆ.

ಅರ್ಥ: ವೃಕ್ಷವೆಂದರೆ ಮರ. ಘೇರಂಡ ಸಂಹಿತೆಯು ಹೇಳುವ 32 ಆಸನಗಳಲ್ಲಿ ಇದೂ ಒಂದು. ಮರಕ್ಕೆ ಬೇರು ಹೇಗೋ ಇಲ್ಲಿ ಪಾದ ಹಾಗೆ.

ವಿಧಾನ: ಬರಿಗಾಲಿನಲ್ಲಿ, ಸಮನಾದ ಒಣ ನೆಲದ ಮೇಲೆ, ಗೋಡೆಯ ಹತ್ತಿರ ನಿಲ್ಲಿರಿ. ಬಲಗಾಲನ್ನು ಮಡಿಚಿ ಅದರ ಅಂಗಾಲನ್ನು ಎಡತೊಡೆಯ ಒಳಬದಿಗೆ ಒತ್ತಿರಿ. ಎದುರಿನ ಒಂದು ಗುರುತಿನ ಮೇಲೆ ದೃಷ್ಟಿ ಇಡಿರಿ. ಕೈಗಳನ್ನು ಎದೆಯ ಮುಂದೆ ಜೋಡಿಸಿ, ಸಾಧ್ಯವಾದರೆ ಮೇಲಕ್ಕೆತ್ತಿರಿ. ಉಸಿರು ಸಹಜವಾಗಿರಲಿ. 10 ಸೆಕೆಂಡಿನಿಂದ ಪ್ರಾರಂಭಿಸಿ ಕ್ರಮೇಣ 30 ಸೆಕೆಂಡಿಗೆ ಏರಿಸಿರಿ. ಅನಂತರ ಕಾಲು ಬದಲಿಸಿರಿ. ತೊಡೆಯವರೆಗೆ ಕಾಲು ಏರದವರು ಮೀನಖಂಡಕ್ಕೆ ಒತ್ತಿದರೂ ಸಾಕು.

ಲಾಭ: ಹರಡು, ಮೀನಖಂಡ, ತೊಡೆ, ಸೊಂಟದ ಸ್ನಾಯುಗಳು ಬಲಗೊಳ್ಳುತ್ತವೆ, ಸಮತೋಲ ಸುಧಾರಿಸುತ್ತದೆ, ಮನಸ್ಸು ಒಂದೆಡೆ ನಿಲ್ಲುತ್ತದೆ. ಜೋಳ ಕಿತ್ತು ಬಾಗಿದ ಬೆನ್ನಿಗೆ ನೆಟ್ಟಗೆ ನಿಲ್ಲುವ ರೂಢಿಯಾಗುತ್ತದೆ. ಆದರೆ ಇದು ಯಾವ ರೋಗಕ್ಕೂ ಔಷಧಿಯಲ್ಲ.

ಎಚ್ಚರಿಕೆ: ಅಂಗಾಲನ್ನು ಮೊಣಕಾಲ ಕೀಲಿನ ಮೇಲೆ ಒತ್ತಕೂಡದು. ತಲೆಸುತ್ತು, ಮೊಣಕಾಲಿನ ಅಥವಾ ಸೊಂಟದ ಕೀಲಿನ ತೀವ್ರ ನೋವು ಇದ್ದವರು ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು. ರಕ್ತದೊತ್ತಡ ಹೆಚ್ಚಿದ್ದವರು ಕೈಗಳನ್ನು ಎದೆಯ ಮುಂದೆಯೇ ಇಡಲಿ. ಗರ್ಭಿಣಿಯರೂ ವೈದ್ಯರನ್ನು ಕೇಳಬೇಕು. ಗೋಡೆಯ ಆಸರೆ ಬಿಡಬಾರದು. ಊಟವಾದ ಕೂಡಲೇ, ಮಾಳಿಗೆಯ ಅಂಚಿನಲ್ಲಿ, ಬಾವಿಯ ಕಟ್ಟೆಯ ಮೇಲೆ ಮಾಡಬೇಡಿರಿ. ಔಷಧಿ ಹೊಡೆದು ಬಂದಾಗ ತಲೆ ತಿರುಗಿದರೆ ಅದು ವಿಷಬಾಧೆಯ ಲಕ್ಷಣವಿರಬಹುದು. ಆಗ ಆಸನವಲ್ಲ, ಆಸ್ಪತ್ರೆ ಬೇಕು.

2015ರಿಂದ ಜೂನ್ 21ರಂದು ಯೋಗ ದಿನ ಆಚರಿಸಲಾಗುತ್ತಿದೆ. ನಮಗದು ಮುಂಗಾರು ಬಿತ್ತನೆಯ ಕಾಲ. ಆ ಒಂದು ದಿನಕ್ಕಾಗಿ ಕಾಯದೆ, ಬೆಳಗ್ಗೆ ಹೊಲಕ್ಕೆ ಹೊರಡುವ ಮೊದಲು ಎರಡು ನಿಮಿಷ ನಿಂತು ನೋಡಿರಿ. ಮನೆಯ ಹಿರಿಯರನ್ನೂ ಗೋಡೆ ಹಿಡಿಸಿ ನಿಲ್ಲಿಸಿರಿ.